ನೀರುನಾಯಿ ಹಾಕಿದ ಲೆಕ್ಕ

ಕಾಲಿಗೆ ಮುಳ್ಳು ನೆಟ್ಟು ಈಜಲಾಗದೆ ದಡದಲ್ಲಿ ಕುಳಿತಿದ್ದ ನೀರುನಾಯಿಗೆ ಹಸಿದ ಮರಿಗಳದೇ ಚಿಂತೆ. ಮಡುವಿನಲ್ಲಿ ದಪ್ಪನೆಯ ಮೀನೊಂದಿತ್ತು. ಆದರೆ ಒಮ್ಮೆ ಗುರಿ ತಪ್ಪಿದರೆ ಸಾಕು, ಅದು ಬಂಡೆಯಡಿ ನುಸುಳಿ ಅಂದಿಡೀ ಹೊರಗೆ ಬರುತ್ತಿರಲಿಲ್ಲ.

"ನನಗೆ ಬಿಡು ಅಕ್ಕ, ಬೆಳಿಗ್ಗೆಯಿಂದ ಒಂಬತ್ತು ಮೀನು ಹಿಡಿದಿದ್ದೇನೆ," ಎಂದಿತು ಮಿಂಚುಳ್ಳಿ.

"ನನಗೆ ಸಿಕ್ಕಿದ್ದು ಮೂರೇ," ಎಂದಿತು ಬೆಳ್ಳಕ್ಕಿ.

"ಎಷ್ಟು ಸಲ ಪ್ರಯತ್ನಪಟ್ಟಿರಿ?" ಎಂದು ನೀರುನಾಯಿ ಕೇಳಿತು. ಮಿಂಚುಳ್ಳಿ ಇಪ್ಪತ್ತು ಸಲ ಧುಮುಕಿತ್ತು. ಬೆಳ್ಳಕ್ಕಿ ಐದೇ ಸಲ ಕೊಕ್ಕು ಹಾಕಿತ್ತು.

"ಐದಕ್ಕೆ ಮೂರಾದರೆ ಇಪ್ಪತ್ತಕ್ಕೆ ಹನ್ನೆರಡು, ನೂರಕ್ಕೆ ಅರವತ್ತು. ಇಪ್ಪತ್ತಕ್ಕೆ ಒಂಬತ್ತಾದರೆ ನೂರಕ್ಕೆ ನಲವತ್ತೈದು. ಬೆಳ್ಳಕ್ಕಿಯೇ ಹೋಗಲಿ," ಎಂದು ನೀರುನಾಯಿ ತೀರ್ಮಾನಿಸಿತು.

ಬೆಳ್ಳಕ್ಕಿ ಕೊಕ್ಕು ಹಾಕಿತು, ಮೀನು ಜಾರಿಕೊಂಡಿತು.

ಮಿಂಚುಳ್ಳಿ ನಕ್ಕು, "ನಿನ್ನ ಲೆಕ್ಕ ನೀರುಪಾಲಾಯಿತಲ್ಲ ಅಕ್ಕ," ಎಂದಿತು.

"ಮೀನು ತಪ್ಪಿತು, ಲೆಕ್ಕ ತಪ್ಪಲಿಲ್ಲ. ನೂರಕ್ಕೆ ಅರವತ್ತು ಎಂದರೆ ಕೈತಪ್ಪುವ ನಲವತ್ತೂ ಅದರಲ್ಲೇ ಇರುತ್ತದೆ," ಎಂದ ನೀರುನಾಯಿ, ದಡದಲ್ಲಿ ಸಿಕ್ಕ ಏಡಿಗಳನ್ನೇ ಕೊಟ್ಟು ಮರಿಗಳನ್ನು ಸಮಾಧಾನಪಡಿಸಿತು.

ಮರುದಿನವೂ ಅದು ಬೆಳ್ಳಕ್ಕಿಯನ್ನೇ ಕರೆಯಿತು. ಅಂದು ಮರಿಗಳು ಹೊಟ್ಟೆ ತುಂಬ ಉಂಡವು.