ಚಕಮಕಿ ಕೋವಿಯೂ ಬತ್ತಿಗೇರಿಯ ಚೌಡನೂ

"ಕೇಳ್ರಪ್ಪೋ ಕೇಳ್ರಿ. ಹಿರೇಗುಡ್ಡದ ಹೊನ್ನವ್ವ ನಾಗತಿಯವರ ಅಪ್ಪಣೆ. ನಮ್ಮ ದಂಡಿನ ಕೈಲಿರೋ ಬತ್ತಿಕೋವೀನೇ ಇರಬೇಕೋ, ಹೊಸ ಚಕಮಕಿ ಕೋವಿ ಬರಬೇಕೋ, ಇದು ತೀರ್ಮಾನ ಆಗಬೇಕು. ನಾಗತಿಯವರು ಮೂರು ಒಗಟು ಹಾಕ್ತಾರೆ. ಮೂರಕ್ಕೂ ಉತ್ತರ ಹೇಳಿದೋನ ಮಾತೇ ದಂಡಿಗೆ ಕಟ್ಟಳೆ. ತಪ್ಪು ಹೇಳಿದೋನ ತಲೆ ಅವನ ಭುಜದ ಮೇಲಿರಲ್ಲ."

ಹೀಗೆ ಡಂಗುರ ಹೊಡೆಸಿದ, ಹಿರೇಗುಡ್ಡವನ್ನಾಳುವ ನಾಗತಿ ಕ್ರೂರಿಯೇನಲ್ಲ. ಹಿಂದಿನ ವರ್ಷ ಅವಳ ಮುನ್ನೂರು ಸಿಪಾಯಿಗಳು ಕತ್ತಲಲ್ಲಿ ಸದ್ದಿಲ್ಲದೆ ಶತ್ರುವಿನ ಗುಡ್ಡ ಹತ್ತಿದ್ದರು. ಶತ್ರು ಮೊದಲೇ ಕಾದು ಕೂತಿದ್ದ. ಒಬ್ಬರೂ ಹಿಂದಿರುಗಲಿಲ್ಲ. "ಕೋವಿ ವಿಷಯದಲ್ಲಿ ಮಾತಾಡೋರು ಒಬ್ಬರು, ಸಾಯೋರು ಇನ್ನೊಬ್ಬರು. ಈ ಸಲ ಮಾತಾಡೋರೂ ತಲೆ ಒತ್ತೆ ಇಡಲಿ" ಎಂದುಬಿಟ್ಟಳು.

ಡಂಗುರ ಕೇಳಿ ಬತ್ತಿಗೇರಿಯ ಹನ್ನೆರಡು ಮನೆಯವರು ಕಂಗಾಲಾದರು. ಪುಂಡಿನಾರಿನ ಹುರಿ ಹೊಸೆದು, ಪೆಟ್ಲುಪ್ಪಿನ ನೀರಲ್ಲಿ ನೆನೆಸಿ, ಒಣಗಿಸಿ ದಂಡಿಗೆ ಕೊಡುವುದು ಅವರ ಕಸುಬು. ಆ ಬತ್ತಿಯ ತುದಿ ಸದಾ ಕೆಂಡವಾಗಿದ್ದರೆ ತಾನೇ ಹಳೆ ಕೋವಿಯ ಮದ್ದಿಗೆ ಬೆಂಕಿ ತಗಲುವುದು. ಹೊಸದಕ್ಕೋ ಬತ್ತಿಯೇ ಬೇಡವಂತೆ. ಕೇರಿಯ ಹಿರಿಯಳು ಈರಜ್ಜಿ ಮಾತು ಕಡಿಮೆಯ ಚೌಡನನ್ನು ಮುಂದೆ ತಳ್ಳಿದಳು.

"ಹೋಗಪ್ಪಾ, ಹಳೇದೇ ಇರ್ಲಿ ಅಂತ ಹೇಳಿ ಬಾ. ನಿಂಗಾದ್ರೆ ಹಿಂದೆ ಅಳೋಕೆ ಹೆಂಡ್ತಿ ಮಕ್ಕಳಿಲ್ಲ."

ಈರಜ್ಜಿಯ ಪ್ರೀತಿಯೇ ಹಾಗೆ. ಚೌಡ ತಲೆಯನ್ನೊಮ್ಮೆ ಮುಟ್ಟಿ ನೋಡಿಕೊಂಡು ಹೊರಟ.

ಅರಮನೆಯೊಳಗೆ ಅವನು ಕಾಲಿಟ್ಟದ್ದು ಅದೇ ಮೊದಲು. ಕಂಬಗಳ ಎತ್ತರ ನೋಡುತ್ತ ಕತ್ತು ನೋಯಿಸಿಕೊಂಡ. ನಾಗತಿಯನ್ನು ಕಂಡಾಗಲಂತೂ ಕೈ ತಾನಾಗಿ ಮುಗಿಯಿತು. ಬಿಳಿ ಸೀರೆಯುಟ್ಟು, ಮುಂದೆ ಎರಡೂ ಕೋವಿಗಳನ್ನಿಟ್ಟುಕೊಂಡು ಅವಳು ಅಲುಗಾಡದೆ ಕೂತಿದ್ದಳು. ಅಂಥ ಹೆಂಗಸನ್ನು ಅವನು ಎಂದೂ ಕಂಡಿರಲಿಲ್ಲ.

"ನನ್ನ ದಂಡಿನಲ್ಲೇ ಒಬ್ಬ ಚಾಡಿಕೋರನಿದ್ದಾನೆ" ಎಂದಳು ನಾಗತಿ. "ಅನ್ನ ತಿನ್ನಲ್ಲ, ಬಾಯಿಲ್ಲ. ನಾವು ಬರ್ತಿರೋದನ್ನ ಶತ್ರುವಿಗೆ ಮೊದಲೇ ತಿಳಿಸ್ತಾನೆ. ಯಾರವನು?"

ಹೊಸ ಕೋವಿ ಮಾರಲು ಬಂದರಿನಿಂದ ಬಂದ ವೆಂಕು ಶೇಟ್ ಮುಂದಾದ. "ಮೂಕ ಗೂಢಚಾರ, ತಾಯಿ."

"ಅವನಿಗೂ ಅನ್ನ ಬೇಕಲ್ಲಪ್ಪಾ." ಶೇಟನನ್ನು ಕಾವಲಿಗೆ ಒಪ್ಪಿಸಿದರು.

ಮೂವತ್ತು ವರ್ಷದಿಂದ ಬತ್ತಿಕೋವಿ ಹೊತ್ತ ದಳವಾಯಿ ರಂಗನಾಯಕ ಮೀಸೆ ತಿರುವಿದ. "ನಗಾರಿ."

"ಆ ರಾತ್ರಿ ನಗಾರಿ ಹೊಡೆದಿರಲಿಲ್ಲ ದಳವಾಯರೇ." ಅವನೂ ಶೇಟನ ಪಕ್ಕ ನಿಂತ.

ಚೌಡನ ಸರದಿ ಬಂತು. ಆ ರಾತ್ರಿ ಎಂಬ ಮಾತು ಕಿವಿಗೆ ಬಿದ್ದದ್ದೇ ಅವನ ಕಣ್ಣಿಗೆ ಒಂದು ನೋಟ ಕಟ್ಟಿತು. ಕತ್ತಲ ಗುಡ್ಡದ ಮೇಲೆ ಸಾಲಾಗಿ ಮುನ್ನೂರು ಕೆಂಪು ಚುಕ್ಕಿಗಳು. ಗಾಳಿಯಲ್ಲಿ ಪೆಟ್ಲುಪ್ಪಿನ ವಾಸನೆ.

"ತಾಯೀ, ಅದು ಉರಿಯೋ ಬತ್ತಿ. ನಾನೇ ಹೊಸೆದದ್ದು." ಅವನ ಕಣ್ಣು ತುಂಬಿತು.

"ಹೌದು. ಸೆರೆಸಿಕ್ಕ ಶತ್ರುವೊಬ್ಬ ಹೇಳಿದ, ಕೆಂಡ ಎಣಿಸಿ ಕಾದು ಕೂತಿದ್ರಂತೆ" ಎಂದಳು ನಾಗತಿ. ದಳವಾಯಿ ನೆಲ ನೋಡಿದ. ದಿನಾ ಕೈಯಲ್ಲಿದ್ದದ್ದು ಕಣ್ಣಿಗೆ ಬೀಳುವುದನ್ನೇ ಬಿಟ್ಟಿತ್ತು ಪಾಪ.

"ಎರಡನೇದು. ಕೋವಿಯ ಒಂದು ಭಾಗವನ್ನ ಕಮ್ಮಾರ ಮಾಡಲ್ಲ, ಬಡಗಿ ಮಾಡಲ್ಲ. ಹೊಸ ಕೋವಿ ಕೊಂಡರೆ ಜೊತೆಗೆ ಬರಲ್ಲ. ಹಳೇದನ್ನ ಬಿಸಾಡಿದರೆ ಜೊತೆಗೇ ಹೋಗುತ್ತೆ. ಯಾವುದದು?"

"ಗುರಿ" ಎಂದು ಕಾವಲಿನಿಂದಲೇ ಗೊಣಗಿದ ದಳವಾಯಿ.

"ನಿಮ್ಮ ಸರದಿ ಮುಗೀತು. ಇರೋದು ಒಂದೇ ತಲೆ."

ಚೌಡ ತನ್ನ ಬೆರಳುಗಳನ್ನು ನೋಡಿಕೊಂಡ. ಮನಸ್ಸು ಎಲ್ಲೇ ಇದ್ದರೂ ಅವು ತಪ್ಪದೆ ಹುರಿ ಹೊಸೆಯುತ್ತಿದ್ದವು. "ಕೈಯ ರೂಢಿ ತಾಯಿ. ಗಾಬರಿಯಾದಾಗ ಸಿಪಾಯಿಗೆ ಬುದ್ಧಿ ಓಡಲ್ಲ, ಕೈ ಓಡುತ್ತೆ."

ನಾಗತಿ ತಲೆದೂಗಿ, ಚಕಮಕಿ ಕೋವಿಯನ್ನೆತ್ತಿ ಕಿಟಕಿಯಾಚೆಗೆ ಹಿಡಿದಳು. ಬತ್ತಿಯಿಲ್ಲ, ಕೆಂಡವಿಲ್ಲ. ಕಲ್ಲು ಉಕ್ಕಿಗೆ ಬಡಿಯಿತು, ಕಿಡಿ ಹಾರಿತು, ಗುಂಡು ಹೊರಟೇ ಹೋಯಿತು. ಚೌಡ ಬಾಯಿ ಬಿಟ್ಟುಕೊಂಡು ನಿಂತ. ಹುಟ್ಟಿದಾಗಿನಿಂದ ಬೆಂಕಿ ಕಾಯುತ್ತ ಬದುಕಿದವನ ಮುಂದೆ ಬೆಂಕಿ ಬೇಕೆಂದಾಗ ಹುಟ್ಟಿ, ಸಾಕೆಂದಾಗ ಇಲ್ಲವಾಗಿತ್ತು. ಅದು ತನ್ನ ಅನ್ನ ಕಸಿಯಲು ಬಂದದ್ದೆಂದು ತಿಳಿದೂ ಅವನಿಗೆ ಕೈಮುಗಿಯುವ ಹಾಗಾಯಿತು.

"ಕೊನೆಯದು" ಎಂದಳು. "ಹಳೇದಿರಲಿ ಅನ್ನೋ ದಳವಾಯರಿಗೆ ಹಳೇ ಕೋವಿಯೇ ಮರ್ಯಾದೆ. ಹೊಸದು ಬರಲಿ ಅನ್ನೋ ಶೇಟರು ಅದನ್ನ ಮಾರೋರು. ಹಾಗಾದ್ರೆ ನಾನು ಯಾರ ಸಾಕ್ಷಿ ನಂಬಲಿ?"

ಚೌಡನ ಕಣ್ಣ ಮುಂದೆ ಹನ್ನೆರಡು ಮನೆಗಳ ಒಲೆ ಬಂದವು. ಮುನ್ನೂರು ಕೆಂಪು ಚುಕ್ಕಿಗಳೂ ಬಂದವು.

"ಹೊಸ ಕೋವಿಯಿಂದ ಯಾರ ಅನ್ನ ಹೋಗುತ್ತೋ, ಅವನೇ ಅದು ಬರಲಿ ಅಂದರೆ, ಅವನನ್ನ ನಂಬಿ."

"ಅಂಥವನೆಲ್ಲಿದ್ದಾನೆ?"

"ಇಲ್ಲೇ ಇದ್ದೀನಿ ತಾಯಿ. ಹಳೇದೇ ಇರಲಿ ಅಂತ ಹೇಳೋಕೆ ಬಂದೋನು. ಹೊಸದು ಬರಲಿ. ಆದ್ರೆ ಕೈ ಪಳಗೋವರೆಗೂ ಹಳೇದನ್ನ ಯಾರಿಂದಲೂ ಕಸಿಕೋಬೇಡಿ. ಪಳಗಿಸೋಕೆ ದಳವಾಯರ ತಲೆ ಬೇಕು, ತರಿಸೋಕೆ ಶೇಟರ ತಲೆ ಬೇಕು. ಅವೂ ಇದ್ದಲ್ಲೇ ಇರಲಿ."

ನಾಗತಿ ಪೀಠದಿಂದ ಎದ್ದು ಕೆಳಗಿಳಿದು ಬಂದಳು. ಸಭೆಯೆಲ್ಲ ಎದ್ದು ನಿಂತಿತು. ಹೊಸ ಕೋವಿಗೆ ಬೇಕಾದ ಮದ್ದಿನ ಪೊಟ್ಟಣ ಕಟ್ಟುವ ಕೆಲಸ ಇನ್ನು ಬತ್ತಿಗೇರಿಗೇ ಎಂದಳು. ಆಮೇಲೆ ಸೊಂಟದಲ್ಲಿದ್ದ ಆಯುಧಶಾಲೆಯ ಬೀಗದ ಕೈ ಬಿಚ್ಚಿ ಚೌಡನ ಅಂಗೈಯಲ್ಲಿಟ್ಟಳು. "ಇನ್ನು ಯಾವ ಕೋವಿ ಬಂದರೂ ಬೇಡ ಅನ್ನೋ ಅಧಿಕಾರ ನಿನ್ನದು."

ದೀಪಾವಳಿಯ ಹೊತ್ತಿಗೆ ಶೇಟನ ಎತ್ತುಗಳ ಮೇಲೆ ಮೊದಲ ನೂರು ಕೋವಿ ಬಂದವು. ಚೌಡ ಒಂದೊಂದನ್ನೂ ಹೊಡೆದು ನೋಡಿ, ಕಿಡಿ ತಪ್ಪಿದ ಮೂವತ್ತೆಂಟನ್ನು ಪಕ್ಕಕ್ಕಿಟ್ಟ.

"ನಿನ್ನ ಮಾತಿನ ಮೇಲೇ ಅಲ್ವೇನಯ್ಯಾ ತಂದದ್ದು" ಎಂದು ಶೇಟ್ ರೇಗಿದ.

"ಅದಕ್ಕೇ ನೋಡ್ತಿರೋದು ಶೇಟ್ರೇ" ಎಂದ ಚೌಡ.

ಮೂವತ್ತೆಂಟೂ ಬಂದ ಎತ್ತುಗಳ ಮೇಲೇ ವಾಪಸಾದವು. ಅವನು ಬದುಕಿರುವವರೆಗೆ, ಅವನೇ ಹೊಡೆದು ನೋಡದ ಕೋವಿ ಹಿರೇಗುಡ್ಡದ ಯಾವ ಸಿಪಾಯಿಯ ಹೆಗಲಿಗೂ ಏರಲಿಲ್ಲ.