ಆನೆಮರಿಯ ಹೊಟ್ಟೆಗೆ ಒಕ್ಕಲು ಬಂದದ್ದು

ಲೋಕ ಆಗಿನ್ನೂ ಹೊಸದು. ಯಾವ ಕಡೆ ಬೀಸಬೇಕೆಂದು ಗಾಳಿಗೇ ಸರಿಯಾಗಿ ತಿಳಿದಿರಲಿಲ್ಲ. ಹೊಳೆ ಗುಡ್ಡ ಹತ್ತಲು ಹೋಗಿ, ಸುಸ್ತಾಗಿ, ಹಿಂದಕ್ಕೆ ಬಂದಿತ್ತು. ಎಲ್ಲರಿಗೂ ಎಲ್ಲವೂ ಗೊಂದಲ.

ಆಗ ಒಂದು ತಾಯಾನೆಯ ಮರಿ ಕೊಳೆತ ನೀರು ಕುಡಿದು ಹೊಟ್ಟೆ ಕೆಡಿಸಿಕೊಂಡಿತು. ಭೇದಿಯೋ ಭೇದಿ. ತಾಯಿ ಕಹಿ ತೊಗಟೆ ಜಜ್ಜಿ ತಿನ್ನಿಸಿದಳು. ಭೇದಿ ನಿಂತಿತು.

"ಅಬ್ಬಾ!" ಎಂದು ತೊಗಟೆ ನಿಲ್ಲಿಸಿದಳು. ಭೇದಿ ಮತ್ತೆ ಬಂತು.

ಇನ್ನಷ್ಟು ತೊಗಟೆ ಕೊಟ್ಟಳು, ನಿಂತಿತು. ತೊಗಟೆ ಬಿಟ್ಟಳು, ಮತ್ತೆ ಬಂತು! ಮರಿ ಮೂಳೆಚಕ್ಕಳವಾಯಿತು. ಇನ್ನೊಂದು ಸಲ ಬಂದರೆ ಅದು ಉಳಿಯುವಂತಿರಲಿಲ್ಲ.

"ಇದೇನಪ್ಪಾ, ಮದ್ದು ಹಿಡೀತಿದೆಯೋ ಇಲ್ಲವೋ?" ತಾಯಿ ಗಾಳಿಯನ್ನು ಕೇಳಿದಳು.

"ನಂಗೇನ್ ಗೊತ್ತಕ್ಕಾ? ಹೊಟ್ಟೆಯೊಳಗೆ ಇರೋರನ್ನೇ ಕೇಳು" ಎಂದಿತು ಗಾಳಿ.

ತಾಯಿ ಮರಿಯ ಹೊಟ್ಟೆಗೆ ಕಿವಿಯಿಟ್ಟಳು. "ಯಾರಿದ್ದೀರಿ ಒಳಗೆ?"

"ನಾನು ಪಿತ್ತ. ಒಬ್ಬನೇ ಇದೀನಿ ಕಣಕ್ಕಾ, ನಂಗೂ ತಲೆಬುಡ ತಿಳೀತಿಲ್ಲ. ಮೊದಲು ಕರುಳಲ್ಲಿ ಒಕ್ಕಲು ಮಂದಿ ಇದ್ರು, ಕಣ್ಣಿಗೆ ಕಾಣದಷ್ಟು ಸಣ್ಣೋರು. ನಾನು ಇಳಿದು ಬಂದ್ರೆ ನನ್ನನ್ನ ಹದ ಮಾಡ್ತಿದ್ರು. ಹದವಾದ ಪಿತ್ತ ಇದ್ರೆ ರೋಗದ ಬೀಜ ತಲೆ ಎತ್ತಲ್ಲ. ಈಗ ಹಸಿಹಸಿಯಾಗೇ ಇಳೀತೀನಿ. ಬೀಜ ಅದನ್ನೇ ಕುಡಿದು ಮೊಳೀತಾವೆ."

"ಒಕ್ಕಲು ಮಂದಿ ಎಲ್ಲಿ ಹೋದ್ರು?"

"ಕಳ್ಳ ಯಾರು, ಮನೆಯವರು ಯಾರು ಅಂತ ನಿನ್ನ ತೊಗಟೆಗೆ ಗೊತ್ತಾ? ಎಲ್ಲರನ್ನೂ ಬಡೀತು. ಬೀಜ ಮಾತ್ರ ಗಟ್ಟಿ ಸಿಪ್ಪೆಯೊಳಗೆ ಅಡಗಿ ಕೂತ್ವು."

ತಾಯಿ ಅತ್ತುಬಿಟ್ಟಳು. ಉಳಿಸಲೆಂದು ಕೊಟ್ಟದ್ದೇ ಮಗುವಿಗೆ ಮುಳುವಾಗಿತ್ತು. ತೊಗಟೆ ಕೊಟ್ಟರೂ ಕಷ್ಟ, ಬಿಟ್ಟರೂ ಕಷ್ಟ.

"ನನ್ನ ಹೊಟ್ಟೇಲಿ ಒಕ್ಕಲು ಇದ್ದಾರಾ?"

"ತುಂಬಿ ತುಳುಕ್ತಿದ್ದಾರೆ. ಆದ್ರೆ ಅಲ್ಲಿಂದ ಇಲ್ಲಿಗೆ ಹೇಗೆ ಬರ್ತಾರೋ!"

ಇಬ್ಬರೂ ಯೋಚಿಸಿದರು. ಅಷ್ಟರಲ್ಲಿ ತಾಯಿ, ಪಾಪ, ಆನೆಯಲ್ಲವೇ, ಲದ್ದಿ ಹಾಕಿದಳು. ಮರಿ ತೆವಳಿ ಬಂದು ಅದಕ್ಕೆ ಸೊಂಡಿಲು ಚಾಚಿತು.

"ಛೀ, ಹೊಲಸು!" ಲದ್ದಿಯನ್ನು ಆಚೆ ಒದೆಯಲು ತಾಯಿ ಕಾಲೆತ್ತಿದಳು. ಎತ್ತಿದ ಕಾಲು ಹಾಗೇ ನಿಂತಿತು. ಕರುಳಿನೊಳಗಿಂದ ಹೊರಗೆ ಬರುವುದು ಇದೇ ಅಲ್ಲವೇ?

ಕಥೆ ಕೇಳುತ್ತಿರುವ ಮಗು, ನೀನು ಮೂಗು ಮುಚ್ಚಬೇಡ, ಅವಳೂ ಮುಚ್ಚಲಿಲ್ಲ. ಸರಿಯೋ ತಪ್ಪೋ ಗೊತ್ತಿಲ್ಲದೆಯೇ ಕಾಲಿಳಿಸಿ, "ತಿನ್ನು ಕಂದಾ" ಎಂದಳು.

ಒಕ್ಕಲು ಬಂತು. ಪಿತ್ತ ಹದವಾಯಿತು. ಭೇದಿ ಮತ್ತೆ ಬರಲಿಲ್ಲ.

ಅದಕ್ಕೇ ಇಂದಿಗೂ ಆನೆಮರಿ ಅಮ್ಮನ ಬಿಸಿ ಲದ್ದಿಗೆ ಬಾಯಿ ಹಾಕಿದರೆ, ಮಿಕ್ಕ ಎಲ್ಲದಕ್ಕೂ ಗದರುವ ಆ ತಾಯಿ ಅದೊಂದಕ್ಕೆ ಮಾತ್ರ ಸುಮ್ಮನೆ ನಿಂತಿರುತ್ತಾಳೆ.