ಒತ್ತೆಗೆ ಕೊಟ್ಟ ಮಗ

ದರ್ವಕ ಒಂದು ಸಣ್ಣ ರಾಜ್ಯದ ಅರಸ. ಅವನ ಪಡುವಣಕ್ಕೆ ಒಬ್ಬ ಯವನ ದೊರೆ, ಮೂಡಣಕ್ಕೆ ಇನ್ನೊಬ್ಬ. ಇಬ್ಬರೂ ಗ್ರೀಕರೇ, ಆದರೆ ಒಬ್ಬರ ಮುಖ ಕಂಡರೆ ಒಬ್ಬರಿಗಾಗದು. ನಡುವೆ ಸಿಕ್ಕವನ ಪಾಡು ಕೇಳುವುದೇ ಬೇಡ.

ಒಂದು ಮಧ್ಯಾಹ್ನ ಅವನು ಸಿಂಧೂ ದಡದಲ್ಲಿದ್ದ ತನ್ನ ಗುರು ಮಾಠರರ ಆಶ್ರಮಕ್ಕೆ ಓಡೋಡಿ ಬಂದ. ಗುರುಗಳು ಅಂಗಳದಲ್ಲಿ ದರ್ಭೆ ಹರವುತ್ತಿದ್ದರು.

“ಗುರುಗಳೇ, ಮೂಡಣದವನ ಆನೆಗಳು ಗಡಿಗೆ ಬಂದು ನಿಂತಿವೆ. ನಾಳೆಯೊಳಗೆ ಅವನ ಕಡೆ ಸೇರಬೇಕಂತೆ. ಇಲ್ಲದಿದ್ದರೆ ಊರು ಸುಡುತ್ತಾನಂತೆ.”

“ಮೊದಲು ಅವನ ಕಡೆಯೇ ಇದ್ದೆಯಲ್ಲ?”

“ಆಗ ಅವನು ಸೋಲುವ ಹಾಗೆ ಕಂಡ. ಅದಕ್ಕೇ ಪಡುವಣದವನನ್ನು ಸೇರಿದೆ.”

“ಈಗ?”

“ಈಗ ಮೂಡಣದವನೇ ಗೆಲ್ಲುವ ಹಾಗೆ ಕಾಣುತ್ತಾನೆ. ತಾವು ಬಂದು ಕೈಗೆ ನೀರೆರೆದು ಸಂಧಿಗೆ ಸಾಕ್ಷಿಯಾಗಬೇಕು.”

“ಪಡುವಣದವನ ಸಂಧಿಗೂ ನೀರೆರೆದವನು ನಾನೇ. ಅವತ್ತು ಏನು ಕೊಟ್ಟೆ?”

ಪಡುವಣದವನಿಗೆ ಬರೀ ಮಾತು ಸಾಲುತ್ತಿರಲಿಲ್ಲ. ಅರಸನ ಮಗನೊಬ್ಬ ಒತ್ತೆಯಾಗಿ ಅವನ ಕೋಟೆಯಲ್ಲಿರಬೇಕಿತ್ತು. ಅಪ್ಪ ಮಾತು ತಪ್ಪಿದರೆ ಹೋಗುವುದು ಮಗನ ತಲೆ.

“ಹಿರಿಯವನನ್ನು ಕೊಟ್ಟೆ. ಅವನಿಗೀಗ ಹನ್ನೆರಡು.”

“ಮೂಡಣದವನು ಏನು ಕೇಳಿದ್ದಾನೆ?”

“ಕಿರಿಯವನನ್ನು.”

ಗುರುಗಳು ಕೈಯಲ್ಲಿದ್ದ ದರ್ಭೆ ಕೆಳಗಿಟ್ಟರು.

“ಹಾಗಾದರೆ ಹಿರಿಯವನ ಗತಿ?”

“ಪಡುವಣದವನಿಗೆ ಸುದ್ದಿ ಮುಟ್ಟುವುದರೊಳಗೆ ಕರೆಸಿಕೊಳ್ಳುತ್ತೇನೆ. ತಾಯಿಗೆ ಹುಷಾರಿಲ್ಲ, ಹುಡುಗನನ್ನು ಕಳಿಸಿಕೊಡಿ ಎಂದು ಓಲೆ ಬರೆಸಿದ್ದೇನೆ. ನಾಲ್ಕು ದಿನ ಸಿಕ್ಕರೆ ಸಾಕು.”

ಆ ಉಪಾಯದ ಮೇಲೆ ದರ್ವಕನಿಗೇ ನಂಬಿಕೆ ಇರಲಿಲ್ಲ.

“ಪಡುವಣದವನಿಗೆ ಅನುಮಾನ ಬಂದಿರಬಹುದೇ, ಗುರುಗಳೇ?”

“ಬಂದಿದೆ. ಸಂಧಿಯ ಸಾಕ್ಷಿಯನ್ನೇ ಕೇಳಿಕೊಂಡು ಬಾ ಎಂದು ದೂತನನ್ನು ಕಳಿಸಿದ್ದಾನೆ. ನಿಮ್ಮ ಶಿಷ್ಯ ಮಾತಿಗೆ ನಿಲ್ಲುವವನೋ ಅಲ್ಲವೋ ಎಂದು ಆ ದೂತ ಇವತ್ತು ಬೆಳಿಗ್ಗೆ ನನ್ನನ್ನು ಕೇಳಿದ.”

ಆನೆಗಳು, ಗಡಿ, ಊರು ಯಾವುದೂ ದರ್ವಕನಿಗೆ ನೆನಪಾಗಲಿಲ್ಲ. ಹಿರಿಯ ಮಗನೊಬ್ಬನೇ ಕಣ್ಣ ಮುಂದೆ ಬಂದ.

“ತಾವು ಸುಳ್ಳು ಹೇಳುವವರಲ್ಲ. ದೂತನಿಗೆ ಏನೆಂದಿರಿ?”

“ಇನ್ನೂ ಏನೂ ಹೇಳಿಲ್ಲ. ಒಳಗೆ ಊಟಕ್ಕೆ ಕೂತಿದ್ದಾನೆ. ಕೈ ತೊಳೆದು ಹೊರಗೆ ಬಂದಾಗ ನೀನೇ ಹೇಳು.”